ಊದಿದ ದುಗ್ಧಗ್ರಂಥಿಯೆಲ್ಲ ಕ್ಯಾನ್ಸರ್ ಅಲ್ಲ

ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗುತ್ತಿರುವ ನಡುವಯಸ್ಸಿನ ಮಹಿಳೆಯೊಬ್ಬರು ಸ್ಕ್ಯಾನಿಂಗ್ ವರದಿಯನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಕುತ್ತಿಗೆಗೆಲ್ಲ ಹರಡಿಬಿಟ್ಟಿದೆಯಂತಲ್ಲ?" ಎಂದು ಕೇಳುವುದು ನನ್ನ ಕೋಣೆಯಲ್ಲಿ ಅಪರೂಪವಲ್ಲ. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಖಚಿತವಾಗಿರುತ್ತದೆ. ಅವರನ್ನು ಹೆದರಿಸಿರುವುದು ಅದಕ್ಕಿಂತ ಹೆಚ್ಚಾಗಿ, 'ಕುತ್ತಿಗೆಯ ಆರನೆಯ ವಲಯದಲ್ಲಿ ಹಲವು ದುಗ್ಧಗ್ರಂಥಿಗಳು (ಲಿಂಫ್ ನೋಡ್) ಊದಿವೆ' ಎಂಬ ಒಂದು ಸಾಲು.

ಆ ಸಾಲನ್ನು ಅವರ ಹಳೆಯ ಕಾಯಿಲೆಯಾದ ಹಶಿಮೊಟೊ ಜೊತೆಗಿಟ್ಟು ಓದಬೇಕು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಯಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದು ತುಂಬಿರುವುದನ್ನು ವರ್ಣಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆರಗುವ ಈ ಕಾಯಿಲೆಯಲ್ಲಿ, ಗ್ರಂಥಿಯ ದುಗ್ಧರಸ ಮೊದಲು ಹರಿದು ಸೇರುವ ಶ್ವಾಸನಾಳದ ಅಕ್ಕಪಕ್ಕದ ದುಗ್ಧಗ್ರಂಥಿಗಳೂ ಊದಿಕೊಳ್ಳುತ್ತವೆ. ಅದೇ ಆರನೆಯ ವಲಯ. ಪ್ಯಾಪಿಲ್ಲರಿ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದೂ ಅಲ್ಲಿಗೇ ಆದ್ದರಿಂದ, ಊತವೊಂದನ್ನೇ ನೋಡಿ ಕಾರಣ ಯಾವುದೆಂದು ಹೇಳಲಾಗದು.

ದುಂಡಗಿನ ಆಕಾರವಾಗಲಿ, ನಡುವಿನ ಕೊಬ್ಬಿನ ಗೆರೆ ಮಾಯವಾಗಿರುವುದಾಗಲಿ ಹಶಿಮೊಟೊ ಇರುವವರಲ್ಲಿ ದುರ್ಬಲ ಸಾಕ್ಷ್ಯ. ಒಳಗೆ ಸಣ್ಣ ಸುಣ್ಣದ ಚುಕ್ಕೆಗಳು ಅಥವಾ ನೀರು ತುಂಬಿದ ಭಾಗ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಕುತ್ತಿಗೆಯ ಪಕ್ಕದ ದುಗ್ಧಗ್ರಂಥಿಯ ಬಗ್ಗೆ ಸಂಶಯವಿದ್ದರೆ ಸೂಜಿಯಿಂದ ಜೀವಕೋಶ ತೆಗೆದು, ಅದೇ ಸೂಜಿಯನ್ನು ತೊಳೆದ ದ್ರವದಲ್ಲಿ ಥೈರೊಗ್ಲಾಬ್ಯುಲಿನ್ ಅಳೆಯುತ್ತೇವೆ. ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಆ ಪ್ರೋಟೀನು ಅಲ್ಲಿ ಹೇರಳವಾಗಿ ಸಿಕ್ಕರೆ ಉತ್ತರ ಸ್ಪಷ್ಟ. ಇಷ್ಟು ಪುರಾವೆಯಿಲ್ಲದೆ ಕುತ್ತಿಗೆಯ ಪಕ್ಕವನ್ನು ತೆರೆಯುವುದು ನನಗೆ ಒಪ್ಪಿಗೆಯಿಲ್ಲ.

ಹಶಿಮೊಟೊ ಇದ್ದವರಲ್ಲಿ ಹರಡುವಿಕೆ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಅಲ್ಲ. ಕ್ಯಾನ್ಸರನ್ನೂ ಲಿಂಫೋಸೈಟ್‌ಗಳು ತಡೆಯುತ್ತಿರಬಹುದು. ಆದರೆ ಇವರಿಗೆ ಪದೇ ಪದೇ ಸ್ಕ್ಯಾನಿಂಗ್ ಆಗುವುದರಿಂದ ಗಂಟು ಚಿಕ್ಕದಿರುವಾಗಲೇ ಸಿಕ್ಕಿಬೀಳುತ್ತದೆ ಎಂಬುದನ್ನೂ ಮರೆಯಬಾರದು. 'ನಿಮಗೆ ಹಶಿಮೊಟೊ ಇರುವುದೇ ಒಳ್ಳೆಯದಾಯಿತು' ಎಂದು ನಾನು ಯಾರಿಗೂ ಹೇಳುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಈ ಗ್ರಂಥಿ ಗಟ್ಟಿಯಾಗಿ ಸುತ್ತಲಿನ ಭಾಗಗಳಿಗೆ ಅಂಟಿಕೊಂಡಿರುತ್ತದೆ. ಊದಿದ ದುಗ್ಧಗ್ರಂಥಿಗಳ ನಡುವೆ ಬೇಳೆಕಾಳಿನಷ್ಟು ದೊಡ್ಡ, ಕಂದು ಹಳದಿಯ ಪ್ಯಾರಾಥೈರಾಯ್ಡ್‌ಗಳನ್ನು, ಎಂದರೆ ರಕ್ತದ ಕ್ಯಾಲ್ಸಿಯಂ ಕಾಯುವ ಗ್ರಂಥಿಗಳನ್ನು, ಗುರುತಿಸುವುದು ಅನುಭವಿಗಳಿಗೂ ಕಷ್ಟ. ಅವು ಹೋದರೆ ಕ್ಯಾಲ್ಸಿಯಂ ಕುಸಿದು ಬೆರಳುಗಳು ಜುಮುಗುಡುತ್ತವೆ, ಪಕ್ಕದ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಆದ್ದರಿಂದ ಅನುಮಾನದ ದುಗ್ಧಗ್ರಂಥಿ ಒಂದನ್ನು ಅಲ್ಲಿಯೇ ತುರ್ತು ಪರೀಕ್ಷೆಗೆ ಕಳುಹಿಸಿ, ಅದರಲ್ಲಿ ಬರೀ ಲಿಂಫೋಸೈಟ್ ಕಂಡರೆ, ಸಣ್ಣ ಗಂಟಿದ್ದವರಲ್ಲಿ ಉಳಿದವನ್ನು ಮುಟ್ಟುವುದಿಲ್ಲ.

ಹರಡಿದ್ದರೂ ಪ್ರಮಾಣ ಮುಖ್ಯ. 2015ರ ಅಮೆರಿಕನ್ ಥೈರಾಯ್ಡ್ ಸಂಘದ ಮಾರ್ಗಸೂಚಿಯಂತೆ, ಬೇರೆ ಅಪಾಯದ ಲಕ್ಷಣಗಳಿಲ್ಲದಿದ್ದರೆ, ಐದರವರೆಗಿನ ದುಗ್ಧಗ್ರಂಥಿಗಳಲ್ಲಿ 2 ಮಿಲಿಮೀಟರಿಗಿಂತ ಚಿಕ್ಕ ಕಣಗಳಿರುವುದು ಕಡಿಮೆ ಅಪಾಯದ ವರ್ಗವೇ. 55 ವರ್ಷಕ್ಕಿಂತ ಚಿಕ್ಕವರಲ್ಲಿ ಕುತ್ತಿಗೆಯ ದುಗ್ಧಗ್ರಂಥಿಗೆ ಹರಡಿದ್ದರೂ ಕಾಯಿಲೆ ಮೊದಲ ಹಂತದಲ್ಲೇ ಉಳಿಯುತ್ತದೆ.

ನಿಜವಾದ ತೊಡಕು ಆಮೇಲಿನದು. ಪೂರ್ತಿ ಗ್ರಂಥಿ ತೆಗೆದವರಲ್ಲಿ ರಕ್ತದ ಥೈರೊಗ್ಲಾಬ್ಯುಲಿನ್ ನೋಡಿ ಕ್ಯಾನ್ಸರ್ ಮರುಕಳಿಸಿದೆಯೇ ಎಂದು ತಿಳಿಯುತ್ತೇವೆ, ಆದರೆ ಹಶಿಮೊಟೊ ಇದ್ದವರ ರಕ್ತದಲ್ಲಿ ಸಾಮಾನ್ಯವಾಗಿರುವ ಪ್ರತಿಕಾಯಗಳು ಆ ಅಂಕಿಯನ್ನು ಸುಳ್ಳಾಗಿ ತಗ್ಗಿಸಬಲ್ಲವು. ಆಗ 'ಸೊನ್ನೆ' ಎಂದು ಬಂದ ವರದಿಯನ್ನು ನೆಚ್ಚುವಂತಿಲ್ಲ. ಪ್ರತಿಕಾಯದ ಮಟ್ಟವನ್ನೇ ಪ್ರತಿಸಲ ಅಳೆದು, ಇಳಿಯುತ್ತಿದ್ದರೆ ನೆಮ್ಮದಿ, ಏರುತ್ತಿದ್ದರೆ ಮತ್ತೆ ಸ್ಕ್ಯಾನಿಂಗ್. ಒಂದೊಂದು ಲ್ಯಾಬಿನ ಅಳತೆ ಒಂದೊಂದು ಬಗೆಯಾದ್ದರಿಂದ, ರಿಯಾಯಿತಿ ಸಿಕ್ಕಿತೆಂದು ಪ್ರತಿಸಲ ಬೇರೆ ಲ್ಯಾಬಿಗೆ ರಕ್ತ ಕೊಟ್ಟು ಬರುವವರಿಗೆ ನಾನು ಅದೇ ಹಳೆಯ ಲ್ಯಾಬಿಗೆ ಚೀಟಿ ಬರೆದು ವಾಪಸು ಕಳುಹಿಸುತ್ತೇನೆ.