ಪದ ಪರಿಚಯ: ಬರ್ನ್-ಥ್ರೂ – ಪ್ಲಾಸ್ಟಿಕ್ ಬಂಪರ್ ಮೇಲೆ ಪಾಲಿಶ್ ಮಷಿನ್ ಇಡುವ ಮುನ್ನ

ಪಾಲಿಶ್ ಮಷಿನ್ ಓಡಿಸುವಾಗ ಮೇಲಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಪೂರ್ತಿ ಹೋಗಿ, ಕೆಳಗಿನ ಬಣ್ಣವೋ ಪ್ರೈಮರೋ ಹೊರಬೀಳುವುದಕ್ಕೆ ಬರ್ನ್-ಥ್ರೂ ಎನ್ನುತ್ತಾರೆ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಶೆಡ್ಡುಗಳಲ್ಲಿ ಇದು 'ಪೇಂಟ್ ಸುಟ್ಟೋಯ್ತು' ಅಥವಾ 'ಕ್ಲಿಯರ್ ಎದ್ದೋಯ್ತು'. ಬಾನೆಟ್ಟು, ಡೋರುಗಳಲ್ಲಿ ಇದು ಹೆಚ್ಚಾಗಿ ಸವೆತದಿಂದ ಆಗುತ್ತದೆ. ಕಾಂಪೌಂಡ್ (ಪೇಂಟನ್ನು ತುಸುತುಸುವೇ ಸವೆಸುವ ಪೇಸ್ಟ್) ಉಜ್ಜಿ ಉಜ್ಜಿ ಪದರ ತೆಳುವಾಗುತ್ತಾ ಹೋಗಿ ಕೊನೆಗೆ ಮುಗಿದುಹೋಗುತ್ತದೆ. ಬಂಪರ್, ಮಿರರ್ ಕವರ್, ಸ್ಪಾಯ್ಲರ್, ಡೋರ್ ಹ್ಯಾಂಡಲ್‌ಗಳಂಥ ಪ್ಲಾಸ್ಟಿಕ್ ಭಾಗಗಳಲ್ಲಿ ಮಾತ್ರ ಸವೆತಕ್ಕಿಂತ ಮೊದಲು ಶಾಖ ಬಂದು ಕೂರುತ್ತದೆ. ಅದೇ ಮಷಿನ್, ಅದೇ ಪ್ಯಾಡ್, ಅದೇ ಸ್ಪೀಡಿನಲ್ಲಿ ಫೆಂಡರ್ ಮೇಲೆ ಹೊಳಪು ಬಂದು ಪಕ್ಕದ ಬಂಪರ್ ಮೇಲೆ ಪೇಂಟ್ ಹೋಗುವುದು ಈ ಕಾರಣಕ್ಕೇ.

ಶಾಖದ ಲೆಕ್ಕ ನೋಡಿ. ಪ್ಯಾಡ್ ತಿಕ್ಕಿದಾಗ ಹುಟ್ಟುವ ಬಿಸಿ ಎಲ್ಲಿಗಾದರೂ ಹೋಗಬೇಕು. ಉಕ್ಕಿನ ಶಾಖವಾಹಕತೆ ಸುಮಾರು 50 ಇದ್ದರೆ, ಬಂಪರ್ ಮಾಡುವ ಪಾಲಿಪ್ರೊಪಿಲೀನಿನದು 0.2ರ ಆಸುಪಾಸು (ಎರಡೂ ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್ ಲೆಕ್ಕದಲ್ಲಿ). ಅಂದರೆ ಇನ್ನೂರು ಪಟ್ಟಿಗೂ ಹೆಚ್ಚಿನ ಅಂತರ. ಬಾನೆಟ್ಟಿನ ತಗಡು ಪ್ಯಾಡ್ ಕೆಳಗಿನ ಬಿಸಿಯನ್ನು ಅಕ್ಕಪಕ್ಕಕ್ಕೆ ಹಂಚಿಬಿಡುತ್ತದೆ. ಬಂಪರ್ ಹಂಚುವುದಿಲ್ಲ. ಹುಟ್ಟಿದ ಬಿಸಿ ಹುಟ್ಟಿದ ಜಾಗದಲ್ಲೇ, ಅಂದರೆ ಪೇಂಟಿನಲ್ಲೇ ಉಳಿಯುತ್ತದೆ. ಬಿಸಿಯಾದ ಕ್ಲಿಯರ್ ಮೆದುವಾಗುತ್ತದೆ, ಮೆದುವಾದ ಕ್ಲಿಯರನ್ನು ಕಾಂಪೌಂಡ್ ಇನ್ನೂ ಬೇಗ ಕಡಿಯುತ್ತದೆ. ಮೊದಲ ಹತ್ತು ಸೆಕೆಂಡು ಏನೂ ಆಗಿಲ್ಲ ಅನ್ನಿಸಿ, ನಂತರದ ಮೂರು ಸೆಕೆಂಡಿನಲ್ಲಿ ಎಲ್ಲಾ ಮುಗಿಯುವುದು ಹೀಗೆ.

ಇಲ್ಲಿ ಕೈಯನ್ನೂ ನಂಬುವಂತಿಲ್ಲ. ಮುಟ್ಟಿ ನೋಡಿ ಅಂದಾಜು ಮಾಡುವ ಅಭ್ಯಾಸ ತಗಡಿನ ಮೇಲೆ ಸರಿ. 60 ಡಿಗ್ರಿಯ ತಗಡು ಬೆರಳಿಗೆ ಥಟ್ಟನೆ ಬಿಸಿ ದಾಟಿಸುತ್ತದೆ, ಕೈ ತಾನಾಗೇ ಹಿಂದೆ ಬರುತ್ತದೆ. ಅದೇ 60 ಡಿಗ್ರಿಯ ಪ್ಲಾಸ್ಟಿಕ್ ಮುಟ್ಟಿದರೆ 'ಸ್ವಲ್ಪ ಬೆಚ್ಚಗಿದೆ' ಅಷ್ಟೇ, ಏಕೆಂದರೆ ಅದು ಬೆರಳಿಗೂ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಪೇಂಟಿನ ಮೇಲೆ ಅದರ ರೀಡಿಂಗ್ ನೆಚ್ಚಬಹುದು. ಕ್ರೋಮ್ ಪಟ್ಟಿಯ ಮೇಲೆ ಬರುವ ಸಂಖ್ಯೆ ಸುಳ್ಳು. ಪ್ಯಾಡ್ ಎತ್ತಿದ ತಕ್ಷಣ ನೋಡಬೇಕು. 45 ಡಿಗ್ರಿಯವರೆಗೆ ನೆಮ್ಮದಿ, 50 ಬಂದರೆ ಮಷಿನ್ ಎತ್ತಿ ಬೇರೆ ಜಾಗಕ್ಕೆ ಹೋಗಿ, 60 ಕಂಡರೆ ಆ ಭಾಗವನ್ನು ಪೂರ್ತಿ ತಣಿಯಲು ಬಿಡಿ. ಏಪ್ರಿಲ್ ಮಧ್ಯಾಹ್ನ ಬಾಗೇಪಲ್ಲಿಯಲ್ಲೋ ಗೌರಿಬಿದನೂರಲ್ಲೋ ಬಿಸಿಲಿಗೆ ನಿಂತ ಕಪ್ಪು ಬಂಪರ್, ಮಷಿನ್ ಮುಟ್ಟುವ ಮೊದಲೇ 60 ದಾಟಿರುತ್ತದೆ. ಅಂಥ ಗಾಡಿಯನ್ನು ನೆರಳಿಗೆ ತಂದು ಕನಿಷ್ಠ ಒಂದು ಗಂಟೆ ಬಿಟ್ಟು ಶುರುಮಾಡುವುದೇ ಸರಿ. ಮೇಲೆ ತಣ್ಣೀರು ಸುರಿದು ಅವಸರದಲ್ಲಿ ಇಳಿಸುವುದು ಬೇಡ. ಪ್ಲಾಸ್ಟಿಕ್ ಬಿಸಿಗೆ ಹಿಗ್ಗುವುದು, ಥಂಡಿಗೆ ಕುಗ್ಗುವುದು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು, ಹಿಡಿತ ಸಡಿಲವಾದ ಹಳೇ ಪೇಂಟು ಅದನ್ನು ತಡೆಯುವುದಿಲ್ಲ.

ಎಷ್ಟು ಪೇಂಟ್ ಉಳಿದಿದೆ ಎಂದು ಅಳೆಯಲಾಗದಿರುವುದು ಇನ್ನೊಂದು ತೊಡಕು. ಡೀಟೇಲಿಂಗ್ ಮಾಡುವವರು ಬಳಸುವ ಸಾಧಾರಣ ಪೇಂಟ್ ಗೇಜ್ ಉಕ್ಕಿನ ಮೇಲೆ ಅಯಸ್ಕಾಂತೀಯ ತತ್ವದಲ್ಲಿ, ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ ತತ್ವದಲ್ಲಿ ಕೆಲಸ ಮಾಡುತ್ತದೆ. ಎರಡಕ್ಕೂ ಕೆಳಗೆ ಲೋಹ ಬೇಕು. ಬಂಪರ್ ಮೇಲಿಟ್ಟರೆ ರೀಡಿಂಗೇ ಬರುವುದಿಲ್ಲ. ಪ್ಲಾಸ್ಟಿಕ್ ಮೇಲೂ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಇದೆ, ಆದರೆ ಬೆಲೆ ಕೇಳಿದ ಮೇಲೆ ತಾಲ್ಲೂಕು ಮಟ್ಟದ ಶೆಡ್ಡಿನವರು ಕೊಳ್ಳುವುದಿಲ್ಲ, ಕೊಳ್ಳಬೇಕೆಂದೂ ನಾವು ಹೇಳುವುದಿಲ್ಲ. ಫ್ಯಾಕ್ಟರಿ ಪೇಂಟಿನ ತಗಡಿನ ಮೇಲೆ ಎಲ್ಲ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್, ಅಂದರೆ ಜೆರಾಕ್ಸ್ ಹಾಳೆ ಒಂದರ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 40 ಮೈಕ್ರಾನ್ ಆಸುಪಾಸು. ಒಂದು ಸುತ್ತು ಸಾಧಾರಣ ಕಟಿಂಗ್‌ಗೆ (ಕಾಂಪೌಂಡ್ ಹಾಕಿ ಉಜ್ಜುವುದಕ್ಕೆ) ಕೆಲವು ಮೈಕ್ರಾನ್ ಹೋಗುತ್ತದೆ. ತಗಡಿನಲ್ಲಾದರೆ ಅಳೆದು ಖರ್ಚು ಮಾಡಬಹುದು. ಬಂಪರಿನಲ್ಲಿ ಖಜಾನೆ ಕಾಣುವುದೇ ಇಲ್ಲ. ಪಕ್ಕದ ಫೆಂಡರಿನಲ್ಲಿ 120 ಬಂತು, ಬಂಪರಿನಲ್ಲೂ ಅಷ್ಟೇ ಇರಬೇಕು ಅನ್ನುವ ಲೆಕ್ಕ ದೊಡ್ಡ ತಪ್ಪು. ಬಂಪರ್ ಅದೇ ಪೇಂಟ್ ಬೂತಿನಲ್ಲಿ, ಅದೇ ಒಲೆಯಲ್ಲಿ ತಯಾರಾದದ್ದಲ್ಲ.

ಬಾಡಿ ತಗಡಿನ ಪೇಂಟು ಸುಮಾರು 140 ಡಿಗ್ರಿಯಲ್ಲಿ ಬೇಯುತ್ತದೆ. ಆ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುವುದರಿಂದ ಬಂಪರನ್ನು ಸಾಮಾನ್ಯವಾಗಿ ಬೇರೆ ಕಡೆ, 80 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುವ ಟೂ-ಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಪೇಂಟಿನಿಂದ ಮಾಡುತ್ತಾರೆ. ಬಂಪರ್ ಬಾಗಿದರೂ ಬಿರುಕು ಬಿಡದಂತೆ ಆ ಪೇಂಟು ಬಳುಕುವ ಗುಣದ್ದಾಗಿರಬೇಕು. ಬಳುಕುವ ಪೇಂಟು ಗೀರು ಬೇಗ ಹಿಡಿಯುತ್ತದೆ, ಬಿಸಿಗೆ ಬೇಗ ಮೆದುವಾಗುತ್ತದೆ, ಪ್ಯಾಡ್‌ಗೆ ಅಂಟಂಟಾಗಿ ಸಿಗುತ್ತದೆ. ಇನ್ನು ಪಾಲಿಪ್ರೊಪಿಲೀನಿಗೆ ಪೇಂಟ್ ತಾನಾಗಿ ಅಂಟುವುದೂ ಇಲ್ಲ. ಮೇಲ್ಮೈಯನ್ನು ಜ್ವಾಲೆಯಿಂದ ಹದಮಾಡಬೇಕು, ಇಲ್ಲವೇ ಅಡ್ಹೀಷನ್ ಪ್ರಮೋಟರ್ ಎಂಬ ಪಾರದರ್ಶಕ ಪ್ರೈಮರ್ ಹೊಡೆಯಬೇಕು. ಮಿರರ್ ಕವರ್, ಸ್ಪಾಯ್ಲರ್ ಹೆಚ್ಚಾಗಿ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್. ಅದಕ್ಕೆ ಪೇಂಟ್ ಸುಲಭವಾಗಿ ಹಿಡಿಯುತ್ತದೆ, ಶಾಖದ ಕಥೆ ಮಾತ್ರ ಅದೇ. ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಭಾಗದ ಹಿಂಬದಿಯ ಅಚ್ಚು ಓದಿ: 'ಪಿಪಿ+ಇಪಿಡಿಎಂ-ಟಿಡಿ20' ಎಂದಿದ್ದರೆ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್, ಜೊತೆಗೆ ಶೇ 20 ಟಾಲ್ಕ್ ಪುಡಿ.

ನಮ್ಮ ಕಡೆ ನಿಜವಾದ ಅಪಾಯ ಇರುವುದು ಮರು ಪೇಂಟ್ ಆದ ಬಂಪರುಗಳಲ್ಲಿ. ಎರಡು-ಮೂರು ವರ್ಷ ಓಡಿದ ಗಾಡಿಯ ಬಂಪರ್ ಒಮ್ಮೆಯಾದರೂ ಶೆಡ್ ಕಂಡಿರುತ್ತದೆ ಎಂದುಕೊಂಡೇ ಕೈ ಹಾಕುವುದು ಕ್ಷೇಮ. ಪ್ರಮೋಟರ್ ಹೊಡೆಯದೆ ನೇರ ಪ್ರೈಮರ್ ಹಾಕಿದ್ದರೆ, ಪ್ಯಾಡ್ ಅಂಚು ತಗುಲಿದ ಕಡೆ ಪೇಂಟು ಹಾಳೆಯಾಗಿ ಎದ್ದುಬರುತ್ತದೆ. ಪುಟ್ಟಿ ಇದ್ದರೆ ಅದರ ಸುತ್ತಲ ಗೆರೆ, ಕೆಳಗಿನ ಉಪ್ಪುಕಾಗದದ ಗೀರು, ಬಿಸಿಗೆ ಮೇಲೆದ್ದು ಕಾಣಿಸುತ್ತವೆ. ಇವು ಪಾಲಿಶ್‌ನಿಂದ ಹುಟ್ಟಿದ ಗೀರಲ್ಲ, ಆದ್ದರಿಂದ ಮತ್ತಷ್ಟು ಉಜ್ಜಿದರೆ ಹೋಗುವುದಿಲ್ಲ. ಪೇಂಟು ಹೊಸದಾಗಿದ್ದರೆ ಇನ್ನೊಂದು ತಾಪತ್ರಯ. ಬೂತಿನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದ್ದರೆ ಮಾರನೇ ದಿನ ಪಾಲಿಶ್ ಮಾಡಬಹುದು. ಬಯಲಲ್ಲಿ ಒಣಗಿಸಿದ್ದರೆ, ಅದೂ ಡಿಸೆಂಬರ್ ಚಳಿಯಲ್ಲಿ ನಂದಿ ಬೆಟ್ಟದ ಬುಡದ ಊರುಗಳಲ್ಲಿ, ಒಳಗೆ ಥಿನ್ನರ್ ಇನ್ನೂ ಸಿಕ್ಕಿಕೊಂಡಿರುತ್ತದೆ. ಪ್ಯಾಡ್ ಬಿಸಿಗೆ ಅದು ಆವಿಯಾಗಿ ಸಣ್ಣ ಗುಳ್ಳೆ ಏಳುತ್ತದೆ ಅಥವಾ ಪೇಂಟ್ ಸುಕ್ಕಾಗುತ್ತದೆ. ಥಿನ್ನರ್ ವಾಸನೆ ಬರುತ್ತಿದ್ದರೆ, ಉಗುರು ಒತ್ತಿದರೆ ಗುರುತು ಬೀಳುತ್ತಿದ್ದರೆ, ಮಷಿನ್ ಪೆಟ್ಟಿಗೆಯಲ್ಲೇ ಇರಲಿ.

ಹಿಡಿತ ಪರೀಕ್ಷಿಸಲು ಸುಲಭ ಉಪಾಯವಿದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಓಡಾಡುವ ಗಾಡಿಗಳ ಮುಂದಿನ ಬಂಪರಿನಲ್ಲಿ ಲಾರಿ ಚಕ್ರದ ಕಲ್ಲೇಟು ಇದ್ದೇ ಇರುತ್ತದೆ. ಅಂಥ ಚಿಪ್ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ, ಥಟ್ಟನೆ ಕೀಳಿ. ಅಂಚಿನಿಂದ ಪೇಂಟ್ ಚೂರು ಟೇಪಿಗೆ ಬಂದರೆ, ಆ ಬಂಪರಿಗೆ ಕೈಯಲ್ಲಿ ವ್ಯಾಕ್ಸ್ ಹಚ್ಚುವುದಕ್ಕಿಂತ ಹೆಚ್ಚಿನದು ಬೇಡ. ಬರದಿದ್ದರೂ ಚಿಪ್‌ಗಳ ಮೇಲೆ ಪ್ಯಾಡ್ ಓಡಿಸಬಾರದು. ಮೊದಲು ಟಚ್-ಅಪ್ ಪೇಂಟ್ ತುಂಬಿ ಒಣಗಿಸಿ, ಇಲ್ಲವೇ ಪ್ರತಿಯೊಂದರ ಮೇಲೂ ಚಿಕ್ಕ ಟೇಪ್ ತುಂಡು ಅಂಟಿಸಿ.

ಇನ್ನು ಕೆಲಸ. ತಿರುಗಣೆ ರೋಟರಿ ಮಷಿನ್, ಉಣ್ಣೆ ಪ್ಯಾಡ್, ದಪ್ಪ ರಬ್ಬಿಂಗ್ ಕಾಂಪೌಂಡ್, ಈ ಮೂರೂ ಸೇರಿದ ಕಡೆ ಪ್ಲಾಸ್ಟಿಕ್ ಉಳಿಯುವುದಿಲ್ಲ. ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಸುತ್ತುವ ಡ್ಯುಯಲ್ ಆಕ್ಷನ್ ಮಷಿನ್ ಬಳಸಿ. ಪ್ಯಾಡ್ ಅಂಚಿಗೆ ಸಿಕ್ಕರೆ ಅಥವಾ ಒತ್ತಡ ಹೆಚ್ಚಾದರೆ ಅದರ ತಿರುಗಾಟ ತಾನಾಗೇ ನಿಲ್ಲುತ್ತದೆ, ಅದೇ ನಿಮಗೆ ರಕ್ಷೆ. (ಗೇರ್ ಹಾಕಿದ, ಬಲವಂತವಾಗಿ ತಿರುಗಿಸುವ ಡ್ಯುಯಲ್ ಆಕ್ಷನ್‌ಗಳಿಗೆ ಈ ರಕ್ಷೆ ಇಲ್ಲ, ಕೊಳ್ಳುವಾಗ ಕೇಳಿ ತಿಳಿಯಿರಿ.) ಪ್ಯಾಡ್ ಕೂರಿಸುವ 3 ಇಂಚಿನ ಪ್ಲೇಟು, ಮೆತ್ತನೆಯ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್‌ನಿಂದಲೇ ಆರಂಭ. ಆರು ಸ್ಪೀಡಿನ ಮಷಿನ್ ಆದರೆ 3 ಅಥವಾ 4. ಪ್ಯಾಡ್‌ಗೆ ಕಡಲೆಕಾಳು ಗಾತ್ರದ ಮೂರು ಹನಿ ಸಾಕು. ಒಂದು ಅಡಿ ಚೌಕ, ಮಷಿನಿನ ತೂಕವಲ್ಲದೆ ಬೇರೆ ಒತ್ತಡ ಬೇಡ, ಮೂರು-ನಾಲ್ಕು ಸಲ ಅಡ್ಡ-ಉದ್ದ ಓಡಿಸಿ ನಿಲ್ಲಿಸಿ. ಬಾನೆಟ್ಟಿನಲ್ಲಿ ಆರೆಂಟು ಸಲ ಓಡಿಸುವ ಕೈಗೆ ಇದು ಅರೆಬರೆ ಅನ್ನಿಸುತ್ತದೆ, ಅನ್ನಿಸಲಿ. ಎಡಗಡೆ ಒಂದು ಚೌಕ, ನಂತರ ಬಲಗಡೆ ಒಂದು, ಹೀಗೆ ಬದಲಾಯಿಸುತ್ತಾ ಹೋದರೆ ಪ್ರತಿ ಜಾಗಕ್ಕೂ ತಣಿಯಲು ಸಮಯ ಸಿಗುತ್ತದೆ.

ಬಂಪರಿನ ಆಕಾರವೇ ಶತ್ರು. ನಂಬರ್ ಪ್ಲೇಟ್ ಗುಂಡಿಯ ಅಂಚು, ಫಾಗ್ ಲ್ಯಾಂಪ್ ಸುತ್ತು, ವೀಲ್ ಆರ್ಚ್ ತುದಿ, ಏಣುಗಳ ಮೇಲೆ ಪೇಂಟು ಒದ್ದೆಯಿದ್ದಾಗಲೇ ಜಾರಿ ತೆಳುವಾಗಿರುತ್ತದೆ. ಪ್ಯಾಡಿನ ಇಡೀ ಒತ್ತಡ ಅಲ್ಲಿ ಒಂದು ಗೆರೆಯ ಮೇಲೆ ಬೀಳುತ್ತದೆ. 18 ಅಥವಾ 24 ಮಿಲಿಮೀಟರ್ ಮಾಸ್ಕಿಂಗ್ ಟೇಪನ್ನು ಏಣಿನ ಮೇಲೆ, ಅದರಾಚೆ ಎರಡು-ಮೂರು ಮಿಲಿಮೀಟರ್ ಚಾಚುವಂತೆ ಹಚ್ಚಿ. ಆ ಪಟ್ಟಿಯನ್ನು ಕೊನೆಗೆ ಕೈಯಲ್ಲಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡು ಸಲ ತೀಡಿದರೆ ಸಾಕು. ಪಾರ್ಕಿಂಗ್ ಸೆನ್ಸರ್‌ಗಳ ಬಿಲ್ಲೆಗೂ ಟೇಪ್. ಬಣ್ಣವಿಲ್ಲದ ಕಪ್ಪು ಒರಟು ಪ್ಲಾಸ್ಟಿಕ್ಕಿಗಂತೂ ಖಂಡಿತ ಟೇಪ್, ಅದರ ರಂಧ್ರಗಳಲ್ಲಿ ಕೂತ ಬಿಳಿ ಕಾಂಪೌಂಡ್ ಬ್ರಷ್ ಹಾಕಿ ತಿಕ್ಕಿದರೂ ಜಪ್ಪಯ್ಯ ಅನ್ನುವುದಿಲ್ಲ.

ನೀರು ಮತ್ತು ಧೂಳಿನ ವಿಷಯದಲ್ಲಿ ಈ ಜಿಲ್ಲೆಗೆ ತನ್ನದೇ ಕಷ್ಟವಿದೆ. ಗಡಸು ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಬಂಪರಿನಲ್ಲಿ ಬಿಳಿ ಚುಕ್ಕೆ ಕೂರುತ್ತದೆ, ಅದನ್ನು ತೆಗೆಯಲೆಂದೇ ಎಷ್ಟೋ ಜನ ಮಷಿನ್ ಹಿಡಿಯುತ್ತಾರೆ. ಅದು ಸುಣ್ಣದ ಅಂಶ, ಉಜ್ಜುವ ಬದಲು ಕರಗಿಸಬಹುದು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ, ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿಟ್ಟು ಚೆನ್ನಾಗಿ ತೊಳೆಯಿರಿ. ಅರ್ಧಕ್ಕರ್ಧ ಬಂಪರುಗಳಿಗೆ ಪಾಲಿಶ್ ಅಗತ್ಯವೇ ಉಳಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪ್ಯಾಡ್ ಒಣಗಿದಾಗ ಸಿಂಪಡಿಸಲೂ ಬೋರ್ ನೀರು ಬೇಡ, ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರ್ ಒಂದು ಲೀಟರ್ ತಂದಿಡಿ. ಕ್ರಷರ್‌ಗಳ ಕಲ್ಲುಪುಡಿಯಲ್ಲಿ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿಯಾದ ಸ್ಫಟಿಕದ ಕಣಗಳಿರುತ್ತವೆ. ತಿಕ್ಕಿದ ಪ್ಲಾಸ್ಟಿಕ್ ಸ್ಥಿರವಿದ್ಯುತ್ ಹಿಡಿದು ಆ ಧೂಳನ್ನು ತನ್ನತ್ತ ಎಳೆಯುತ್ತದೆ, ಮುಂದಿನ ಸುತ್ತಿನಲ್ಲಿ ಅದೇ ಧೂಳು ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕುತ್ತದೆ. ಪ್ರತಿ ಚೌಕದ ನಂತರ ಒಣ ಬಟ್ಟೆಯ ಬದಲು ತುಸು ತೇವದ ಬಟ್ಟೆಯಲ್ಲಿ ಒರೆಸಿ.

ಕೆಡುವ ಮುನ್ನ ಸೂಚನೆ ಸಿಗುತ್ತದೆ. ಪ್ಯಾಡ್ ಜಾರುವ ಬದಲು ಎಳೆದಂತಾಗುವುದು, ಹೊಳಪು ಏರುವ ಬದಲು ಒಂದು ಜಾಗ ಮಂಕಾಗುವುದು, ಬಿಸಿ ಪೇಂಟಿನ ವಾಸನೆ, ಇವು ಮೊದಲ ಘಟ್ಟ. ಪ್ಯಾಡ್‌ಗೆ ಗಾಡಿಯ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಬಣ್ಣ ಹತ್ತುವುದು ಸಹಜ, ಆದ್ದರಿಂದ ಬಂಪರಿನ ಕೆಳಗಿನ, ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಪಾಲಿಶ್ ಹಚ್ಚಿ ತಿಕ್ಕಿ ಮೊದಲೇ ತಿಳಿದುಕೊಂಡಿರಬೇಕು. ಮಂಕು ಜಾಗದ ಸುತ್ತ ಉಂಗುರದಂತೆ ಗೆರೆ ಕಂಡರೆ ಕ್ಲಿಯರ್ ಹೋಗಿ ಆಗಿದೆ. ನಂತರ ಬೂದು ಪ್ರೈಮರ್, ಕೊನೆಗೆ ಕಪ್ಪು ಪ್ಲಾಸ್ಟಿಕ್.

ಹೋದ ಕ್ಲಿಯರ್ ವಾಪಸ್ ಬರುವುದಿಲ್ಲ. ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಹಚ್ಚಿದರೆ ಕೆಲವು ವಾರ ಕಣ್ಣಿಗೆ ಮರೆಯಾಗುತ್ತದೆ, ಅಷ್ಟರಲ್ಲಿ ಬಿಸಿಲು ಕೆಳಗಿನ ಬಣ್ಣವನ್ನು ತಿನ್ನತೊಡಗುತ್ತದೆ. ಬಂಪರಿಗೆ ಮರು ಪೇಂಟೇ ಗತಿ, ಬಣ್ಣವನ್ನು ಆ ಜಾಗಕ್ಕಷ್ಟೇ ಹೊಡೆದರೂ ಕ್ಲಿಯರನ್ನು ಇಡೀ ಬಂಪರಿಗೆ ಹೊಡೆಸುವುದು ಸರಿಯಾದ ಕ್ರಮ. ಬಂಪರಿನ ಹಿಂದೆ ರಾಡಾರ್ ಇರುವ ಹೊಸ ಗಾಡಿಗಳಲ್ಲಿ ಇದೂ ಸುಲಭವಲ್ಲ: ರಾಡಾರ್ ನೋಡುವ ಜಾಗದಲ್ಲಿ ಪುಟ್ಟಿ ಅಥವಾ ದಪ್ಪ ಮೆಟಾಲಿಕ್ ಪೇಂಟ್ ಬಿದ್ದರೆ ಅಲೆಗಳಿಗೆ ಅಡ್ಡಿಯಾಗುತ್ತದೆ, ಹಾಗಾಗಿ ತಯಾರಕರ ದುರಸ್ತಿ ಸೂಚನೆ ಓದದೆ ಶೆಡ್ಡಿಗೆ ಬಿಡಬೇಡಿ.

ಹಾಗಾಗಿ ಬಂಪರ್ ಪಾಲಿಶ್‌ಗೆ ಗಾಡಿ ತಂದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಹೊಳಪು ಬರುತ್ತದೆ, ಮೇಲ್ಮೈ ಗೀರುಗಳು ಮುಕ್ಕಾಲು ಪಾಲು ಹೋಗುತ್ತವೆ, ಉಗುರಿಗೆ ತಡೆಯುವ ಗೀರು ಹಾಗೇ ಇರುತ್ತದೆ.