ದೇವಬಂದ್‌ನ ಶೂರಾ: ಸಲಹೆಯೇ, ತೀರ್ಮಾನವೇ?

1866ರ ಮೇ ತಿಂಗಳಲ್ಲಿ, ಇಂದಿನ ಉತ್ತರ ಪ್ರದೇಶದ ದೇವಬಂದ್‌ನ ಛತ್ತಾ ಮಸೀದಿಯಲ್ಲಿ, ದಾಳಿಂಬೆ ಮರದಡಿ ಒಬ್ಬ ಉಸ್ತಾದರು ಒಬ್ಬ ವಿದ್ಯಾರ್ಥಿಗೆ ಪಾಠ ಆರಂಭಿಸಿದರು. ಸಾವಿರಾರು ಮಂದಿ ಅಲ್ಲೇ ಉಂಡು, ಉಳಿದು ಓದುವ ದಾರುಲ್ ಉಲೂಮ್ ಎಂಬ ಇಸ್ಲಾಮಿ ವಿದ್ಯಾಕೇಂದ್ರ ಬೆಳೆದದ್ದು ಅಲ್ಲಿಂದಲೇ. 1857ರ ಬಂಡಾಯದ ನಂತರ ನವಾಬರ ಆಶ್ರಯ ನಂಬುವಂತಿರಲಿಲ್ಲವಾದ್ದರಿಂದ ಊರವರ ಚಂದಾ ಹಣವೇ ಮದರಸಕ್ಕೆ ಆಧಾರವಾಯಿತು. ಹಣ ಹಲವರದ್ದಾದ ಮೇಲೆ ಆಡಳಿತ ಒಂದು ಮನೆತನದ ಸೊತ್ತಾಗುವಂತಿರಲಿಲ್ಲ. ಆದ್ದರಿಂದ ಆರಂಭದಿಂದಲೇ ಮಜ್ಲಿಸೆ ಶೂರಾ, ಅಂದರೆ ಸಮಾಲೋಚನಾ ಸಭೆ, ಇತ್ತು.

ಸ್ಥಾಪಕರಲ್ಲೊಬ್ಬರಾದ ಮೌಲಾನಾ ಕಾಸಿಂ ನಾನೋತವಿ ಬರೆದಿಟ್ಟ ಎಂಟು ನಿಯಮಗಳಲ್ಲಿ ಮೂರನೆಯದು ನಿಧಾನವಾಗಿ ಓದಬೇಕಾದದ್ದು. ಸದಸ್ಯರು ತಮ್ಮ ಮಾತಿಗೇ ಜೋತುಬೀಳಬಾರದು, ಎದುರಿನವರ ಮಾತು ಸರಿಯೆನಿಸಿದರೆ ಮನಸಾರೆ ಒಪ್ಪಬೇಕು ಎನ್ನುತ್ತದೆ ಅದು. ಆಡಳಿತ ಮುಖ್ಯಸ್ಥರಾದ ಮುಹ್ತಮಿಮ್ ಸದಸ್ಯರನ್ನಷ್ಟೇ ಅಲ್ಲ, ಮದರಸಗಳ ಹಿತ ಬಯಸುವ ತಿಳಿವಳಿಕಸ್ಥರು ಅತಿಥಿಗಳಾಗಿ ಬಂದರೂ ಅವರನ್ನು ಕೇಳಬೇಕು. ಸಾಕಷ್ಟು ಜನರನ್ನು ಕೇಳಿದ ಮೇಲೆ, ತನ್ನನ್ನು ಕೇಳಲಿಲ್ಲವೆಂದು ಯಾರೂ ಮುನಿಸಿಕೊಳ್ಳಬಾರದು; ಯಾರನ್ನೂ ಕೇಳದಿದ್ದರೆ ಮಾತ್ರ ಆಕ್ಷೇಪಿಸಬಹುದು. ಮನುಷ್ಯರ ಮುನಿಸನ್ನೂ ಲೆಕ್ಕಕ್ಕೆ ತೆಗೆದುಕೊಂಡ ಇಂಥ ಆಡಳಿತ ನಿಯಮ ಅಪರೂಪ. ಜಮೀನು, ಕಾರ್ಖಾನೆಯಂಥ ಖಚಿತ ಆದಾಯ ಬಂದರೆ ಒಳಜಗಳ ಹುಟ್ಟುತ್ತದೆಂಬ ಎಚ್ಚರಿಕೆಯೂ ಅದೇ ಪಟ್ಟಿಯಲ್ಲಿದೆ.

ಆದರೆ ಶೂರಾ ಮತ್ತು ಮುಹ್ತಮಿಮರ ನಡುವೆ ಒಮ್ಮತ ಮೂಡದಿದ್ದರೆ ಕೊನೆಯ ಮಾತು ಯಾರದು ಎಂಬುದನ್ನು ಆ ಮೂರನೆಯ ನಿಯಮ ಬಿಡಿಸಿ ಹೇಳಲಿಲ್ಲ. ಕುರ್‌ಆನಿನ 42ನೇ ಅಧ್ಯಾಯವು ವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆ ಎನ್ನುತ್ತದೆ. 3ನೇ ಅಧ್ಯಾಯದ 159ನೇ ವಚನವು ಪ್ರವಾದಿಯವರಿಗೆ, ಅನುಯಾಯಿಗಳೊಡನೆ ಸಮಾಲೋಚಿಸಿ, ನಿರ್ಧರಿಸಿದ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಿ ಎನ್ನುತ್ತದೆ. ಮೊದಲನೆಯದರಲ್ಲಿ ಸಭೆಯ ಅಧಿಕಾರವನ್ನೂ ಎರಡನೆಯದರಲ್ಲಿ ನಾಯಕನ ಅಧಿಕಾರವನ್ನೂ ಓದಿಕೊಳ್ಳಲು ಸಾಧ್ಯವಿದೆ.

ನಾನೋತವಿಯವರ ಮೊಮ್ಮಗ ಕಾರಿ ಮುಹಮ್ಮದ್ ತಯ್ಯಿಬ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಹ್ತಮಿಮ್ ಆಗಿದ್ದರು. 1980ರ ಶತಮಾನೋತ್ಸವದ ಬೆನ್ನಿಗೇ ಕೊನೆಯ ಮಾತು ಯಾರದೆಂಬ ಈ ಪ್ರಶ್ನೆ ಬಹಿರಂಗ ಕಲಹವಾಯಿತು. 1982ರಲ್ಲಿ ಸಂಸ್ಥೆ ಶೂರಾ ಪರ ಬಣದ ಕೈಸೇರಿತು. ತಯ್ಯಿಬ್ ಅವರ ಕಡೆಯವರು ಅದೇ ಊರಿನಲ್ಲಿ ದಾರುಲ್ ಉಲೂಮ್ ವಕ್ಫ್ ಎಂಬ ಬೇರೆ ಮದರಸ ಕಟ್ಟಿಕೊಂಡರು. ಪರಸ್ಪರ ಕಿವಿಗೊಡಲೆಂದು ಬರೆದ ನಿಯಮವಿದ್ದೂ ಮನೆ ಎರಡಾದದ್ದು ನೋವಿನ ಸಂಗತಿ.

ಆಮೇಲೆ ಶೂರಾದ ಮೇಲುಗೈ ಗಟ್ಟಿಯಾಯಿತು. 2011ರ ಜನವರಿಯಲ್ಲಿ ಗುಜರಾತಿನ ಗುಲಾಮ್ ಮುಹಮ್ಮದ್ ವಸ್ತಾನ್ವಿ ಅವರನ್ನು ಮುಹ್ತಮಿಮ್ ಆಗಿ ಆರಿಸಿದ್ದು ಶೂರಾ. ಗುಜರಾತ್ ಕುರಿತ ಅವರ ಹೇಳಿಕೆ ವಿವಾದವಾದಾಗ ವಿಚಾರಣಾ ಸಮಿತಿ ನೇಮಿಸಿ, ಅದೇ ಜುಲೈಯಲ್ಲಿ ಅವರನ್ನು ಹುದ್ದೆಯಿಂದ ತೆಗೆದದ್ದೂ ಶೂರಾ.