ಕಾರಣಾರೋಪಣೆಯಲ್ಲಿ ಗುಂಪಿನ ಪಕ್ಷಪಾತ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಊರೊಂದರಲ್ಲಿ ಬೇರೆ ಬೇರೆ ಓಣಿಯ ಇಬ್ಬರು ದ್ರಾಕ್ಷಿ ಬೆಳೆಗಾರರಿದ್ದಾರೆಂದು ಭಾವಿಸೋಣ. ಅಕಾಲಿಕ ಮಳೆಯಿಂದ ಇಬ್ಬರ ಒಣದ್ರಾಕ್ಷಿಯೂ ಕೆಟ್ಟರೆ, ನಮ್ಮ ಓಣಿಯವನ ಬಗ್ಗೆ "ಪಾಪ, ಮಳಿ ಹಾಳು ಮಾಡ್ತು" ಎನ್ನುವ ನಾವೇ ಆಚೆ ಓಣಿಯವನ ಬಗ್ಗೆ "ಅವಂಗ ಒಕ್ಕಲುತನ ತಿಳಿಯಂಗಿಲ್ಲ" ಎನ್ನುತ್ತೇವೆ. ಮರುವರ್ಷ ಇಬ್ಬರಿಗೂ ಒಳ್ಳೆಯ ದರ ಸಿಕ್ಕರೆ ನಮ್ಮವನು ಜಾಣ, ಅವನದು ದೈವ.

ಘಟನೆಗೆ ಕಾರಣವನ್ನು ವ್ಯಕ್ತಿಯ ಒಳಗೆ ಹುಡುಕುತ್ತೇವೆಯೋ ಸನ್ನಿವೇಶದಲ್ಲಿ ಹುಡುಕುತ್ತೇವೆಯೋ ಎಂಬ ವಿಚಾರವನ್ನು, ಅಂದರೆ ಕಾರಣಾರೋಪಣೆಯ ವಿಚಾರವನ್ನು, ಮನಶ್ಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ 1958ರಲ್ಲಿ ಮುಂದಿಟ್ಟರು. ಅದಕ್ಕೆ ಗುಂಪಿನ ಆಯಾಮವನ್ನು ಸೇರಿಸಿ 1979ರಲ್ಲಿ ಸಮಾಜ ಮನಶ್ಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ, ನಮ್ಮವರಿಗೊಂದು ಪರರಿಗೊಂದು ಕಾರಣ ಹೇಳುವ ಈ ಪಕ್ಷಪಾತಕ್ಕೆ 'ಅಂತಿಮ ಆರೋಪಣಾ ದೋಷ' ಎಂಬ ಹೆಸರು ಕೊಟ್ಟರು. ಇದಕ್ಕೆ ಆಧಾರವಾದ ಆರಂಭದ ಅಧ್ಯಯನಗಳಲ್ಲೊಂದು ನಮ್ಮ ದಕ್ಷಿಣ ಭಾರತದಲ್ಲೇ ನಡೆದದ್ದೆಂಬುದನ್ನು ನೆನಪಿಡಬೇಕು: 1974ರಲ್ಲಿ ಟೇಲರ್ ಮತ್ತು ಜಗ್ಗಿ ಅವರು ಹಿಂದೂ ಗುಮಾಸ್ತರಿಗೆ ಕೆಲವು ಕಲ್ಪಿತ ಪ್ರಸಂಗಗಳನ್ನು ಕೊಟ್ಟಾಗ, ಆ ಗುಮಾಸ್ತರು ತಮ್ಮವರ ಒಳ್ಳೆಯ ನಡತೆಗೆ ಸ್ವಭಾವವನ್ನೂ ಮುಸ್ಲಿಮರ ಒಳ್ಳೆಯ ನಡತೆಗೆ ಸನ್ನಿವೇಶವನ್ನೂ ಕಾರಣವಾಗಿ ಆರಿಸಿದರು.

ಹೊರಗುಂಪಿನವರ, ಅಂದರೆ ನಮ್ಮವರಲ್ಲವೆಂದು ನಾವು ಎಣಿಸುವವರ, ಯಶಸ್ಸು ಕಣ್ಣೆದುರಿಗೇ ಇದ್ದಾಗ ಪೂರ್ವಗ್ರಹ ಅದನ್ನು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದೇ ಪೆಟಿಗ್ರೂ ಅವರ ವಿಶ್ಲೇಷಣೆಯ ತಿರುಳು. ಅವರು ನಾಲ್ಕು ದಾರಿಗಳನ್ನು ಗುರುತಿಸುತ್ತಾರೆ. "ಅವರೊಳಗ ಇವನೊಬ್ಬನೇ ಬ್ಯಾರೆ" ಎಂದು ಅವನನ್ನು ಅಪವಾದವಾಗಿಸುವುದು ಒಂದು. ಅದೃಷ್ಟ ಅಥವಾ ವಿಶೇಷ ಸವಲತ್ತು ಎನ್ನುವುದು ಇನ್ನೊಂದು. ಮೀಸಲಾತಿಯ ಕುರಿತ ಮಾತುಗಳಲ್ಲಿ ನಾವು ದಿನವೂ ಕೇಳುವುದು ಇದನ್ನೇ. ಸನ್ನಿವೇಶ ಅನುಕೂಲವಾಗಿ ಒದಗಿತು, ಅದನ್ನು ಬಳಸಿಕೊಂಡ ಎನ್ನುವುದು ಮತ್ತೊಂದು.

ಉಳಿದದ್ದು ಅತಿಯಾದ ಶ್ರಮ. ನಾಲ್ಕರಲ್ಲಿ ಇದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದು ಹೊಗಳಿಕೆಯ ರೂಪದಲ್ಲಿ ಬರುತ್ತದೆ. "ಹಗಲು ರಾತ್ರಿ ದುಡಿದು ಗೆದ್ದ" ಎಂಬ ಮಾತಿನ ಹಿಂದೆ, ಅವನ ಗುಂಪಿನವರಿಗೆ ಸಹಜ ಸಾಮರ್ಥ್ಯವಿಲ್ಲ, ಆ ಕೊರತೆಯನ್ನು ಇವನು ಬೆವರಿನಿಂದ ತುಂಬಿದ ಎಂಬ ಎಣಿಕೆ ಅಡಗಿರಬಹುದು; ಹಾಗಿದ್ದಾಗ ಗೆದ್ದವನಿಗೆ ಮನ್ನಣೆ ದೊರೆತರೂ ಗುಂಪಿನ ಮೇಲಿನ ಕೀಳುಭಾವನೆ ಎಳ್ಳಷ್ಟೂ ಕದಲುವುದಿಲ್ಲ.

ಈ ದೋಷ ಎಲ್ಲ ಗುಂಪುಗಳಲ್ಲೂ ಒಂದೇ ರೀತಿ ಕಾಣುತ್ತದೆಂದು ಬರೆಯಬಾರದು. 1985ರಲ್ಲಿ ಹ್ಯೂಸ್ಟನ್ ಮತ್ತು ವಾರ್ಡ್ ಮಲೇಷ್ಯಾದಲ್ಲಿ ಅಧ್ಯಯನ ನಡೆಸಿದಾಗ ಮಲಯ್ ಜನರು ತಮ್ಮವರ ಪರವಾಗಿ ಕಾರಣ ಹೇಳಿದರೆ, ಅಲ್ಪಸಂಖ್ಯಾತ ಚೀನೀಯರು ಹಾಗೆ ಮಾಡಲಿಲ್ಲ.